ಪಾರ್ವತಿಯ ಬಾಯಲ್ಲಿ

ಅಲ್ಲಪ್ಪನನ್ನು ಗೋಡೆಗೆ ಒರಗಿಸಿ ಕೂರಿಸುವುದಕ್ಕೆ ಟೀವಿ ಅಡ್ಡ ಬಂತು. ಮಗ ಬಸವಂತ ವಾಯರು ಕಿತ್ತು ಅದನ್ನು ಒಳಗೆ ಒಯ್ದ. ಮಿಂದು, ಹಣೆತುಂಬ ವಿಭೂತಿ ಹಚ್ಚಿಸಿಕೊಂಡು, ಎಡಗೈಯಲ್ಲಿ ಲಿಂಗ ಹಿಡಿದು ಕುಳಿತ ಗಂಡನ ಹೆಣವನ್ನು ಗುರುಸಿದ್ದವ್ವ ಬಾಗಿಲಲ್ಲಿ ನಿಂತೇ ನೋಡಿದಳು.

"ಹತ್ರ ಬಾ ವೈನಿ. ವಿಮಾನ ತಯಾರಾಗೇತಿ," ಎಂದಳು ನಾದಿನಿ ಕಲ್ಲವ್ವ, ಅಂಗಳದಲ್ಲಿ ಹೂವು ಕಟ್ಟಿ ಇಟ್ಟಿದ್ದ ಶವದ ಮಂಟಪವನ್ನು ತೋರಿಸಿ. "ಏನರ ಮಾತಾಡಿಬಿಡು. ಒಳಗ ಇಟ್ಕೊಂಡ್ರ ಭಾಳ ತ್ರಾಸ ಆಗತೈತಿ."

ಗುರುಸಿದ್ದವ್ವ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. "ಉಣ್ಣಾಕ ಬರ್ರಿ" ಎಂಬುದನ್ನು ಬಿಟ್ಟರೆ ಗಂಡನಿಗೆ ತಾನಾಗಿ ಅವಳು ಹೆಚ್ಚೇನೂ ಹೇಳಿದವಳಲ್ಲ. ಹೇಳಬೇಕಾದ್ದನ್ನೆಲ್ಲ ಟೀವಿಯ ಪಾರ್ವತಿಯ ಬಾಯಲ್ಲೇ ಹೇಳಿಸಿದ್ದಳು.

*

ಇಚಲಕರಂಜಿ ಪೇಟೆಯ ಯಂತ್ರಮಗ್ಗಗಳು ಅಲ್ಲಪ್ಪನ ಕಿವಿಯನ್ನು ತಿಂದುಹಾಕಿದ್ದವು. ಆ ಗದ್ದಲದಲ್ಲಿ ದುಡಿದವರೆಲ್ಲರಂತೆ ಅವನಿಗೂ ತುಟಿ ನೋಡಿಯೇ ಮಾತು ತಿಳಿಯುವ ರೂಢಿ. ತನ್ನೂರು ನೂಲಕ್ಕೆ ಮರಳಿದ ಮೇಲೆ, ಸಂಜೆ ಶಿವನ ಧಾರಾವಾಹಿ ಶುರುವಾದರೆ ಪದ್ಮಾಸನ ಹಾಕಿ ಕೂರುವನು. ಆದರೆ ಅದು ಹಿಂದಿ. ಆ ತುಟಿಗಳು ಅವನಿಗೆ ತಿಳಿಯವು. "ಏನಂದ್ಳು?" ಎಂದು ಹೆಂಡತಿಯ ಕಡೆ ತಿರುಗುವನು.

ಅವಳಿಗೂ ಹಿಂದಿ ಅಷ್ಟಕ್ಕಷ್ಟೆ. ಸೋಲೊಪ್ಪದೆ ತನಗೆ ತೋಚಿದ್ದನ್ನು ಹೇಳಿಬಿಡುವಳು. ಪಾರ್ವತಿ ಹಿಮದಲ್ಲಿ ತಪಸ್ಸಿಗೆ ನಿಂತ ದಿನ, "'ನೀವು ಬಂದ್ರ ಮನೀ, ಇಲ್ಲಂದ್ರ ಬರೀ ಗ್ವಾಡಿ' ಅನ್ನಾಕತ್ತಾಳ್ರಿ," ಎಂದಳು. ಅವನು ಮಗ್ಗದ ಊರಲ್ಲಿದ್ದ ವರ್ಷಗಳೆಲ್ಲ ಆ ಮಾತು ಅವಳ ಗಂಟಲಲ್ಲೇ ಇತ್ತು.

ಮರಾಠಿ ಶಾಲೆಗೆ ಹೋಗುವ ಮೊಮ್ಮಗಳು ರುತುಜಾ ಕಿಸಕ್ಕನೆ ನಕ್ಕಳು. "ಕಾಹೀತರೀಚ, ಆಜಿ! ಏನೇನರ ಹೇಳ್ತಿ! ಪಾರ್ವತಿ ಹಂಗ ಅಂದೇ ಇಲ್ಲ!"

ಅಲ್ಲಪ್ಪನಿಗೆ ಅದೆಲ್ಲಿ ಕೇಳಬೇಕು? ಟೀವಿಯತ್ತ ತಿರುಗಿ ಕೈಮುಗಿದ. "ತಾಯಿ, ಭಾಳ ಖರೆ ಮಾತಂದಿ," ಎಂದ. ಗುರುಸಿದ್ದವ್ವನಿಗೆ ಅವತ್ತು ಸಾಕ್ಷಾತ್ ದೇವಿಯ ಮೇಲೇ ಹೊಟ್ಟೆಕಿಚ್ಚಾಯಿತು.

*

"ಯವ್ವಾ, ಹೊತ್ತಾತು," ಎಂದ ಬಸವಂತ. ಹೊರಗೆ ಭಜನೆಯವರು ತಾಳ ಹಿಡಿದಿದ್ದರು.

ಗುರುಸಿದ್ದವ್ವ ಹೋಗಿ ಗಂಡನೆದುರು ಮಂಡಿಯೂರಿದಳು.

"ಕಿವ್ಯಾಗ ಹೇಳು ವೈನಿ," ಎಂದಳು ಕಲ್ಲವ್ವ.

"ಅವರಿಗೆ ಕಿವಿ ಎಲ್ಲಿ ಕೇಳತಿದ್ವು?"

ಕಣ್ಣುಗಳನ್ನು ಯಾರೋ ಮುಚ್ಚಿಬಿಟ್ಟಿದ್ದರು. ಇನ್ನು ಯಾರ ತುಟಿಯನ್ನು ನೋಡಿಯಾನು? ಅವನ ಬಲಗೈಯನ್ನು ಎತ್ತಿ, ಬೆರಳುಗಳನ್ನು ತನ್ನ ತುಟಿಗೆ ಒತ್ತಿಕೊಂಡಳು.

"ಕೇಳ್ರಿ. ಅದು ಪಾರ್ವತಿ ಅಂದದ್ದಲ್ರಿ. ನಾ ಅಂದದ್ದು."

ವಿಮಾನ ಎತ್ತಲು ಬಂದವರು ಹೊಸ್ತಿಲಲ್ಲೇ ನಿಂತರು. ತಣ್ಣಗಿನ ಬೆರಳುಗಳ ಕೆಳಗೆ ಅವಳ ತುಟಿಗಳು, ಸದ್ದಿಲ್ಲದೆ, ಇನ್ನೂ ಅಲುಗುತ್ತಿದ್ದವು.