ಎಡಬಾಗಿಲಿನ ಗೀರುಗಳು

ಸುಬ್ರಹ್ಮಣ್ಯ ಐತಾಳರು ಕಾರಿನ ಎಡಬಾಗಿಲಿನ ಒಳಗಿನ ಪ್ಲಾಸ್ಟಿಕ್ ಹಲಗೆಯನ್ನು ಬಿಚ್ಚಿ ತಂದು, ಬಾಲ್ಕನಿಯಲ್ಲಿ ಹಾಸಿದ್ದ ಗುಜರಾತಿ ಪೇಪರಿನ ಮೇಲೆ ಮಲಗಿಸಿದರು. ಮರುದಿನ ಬೆಳಿಗ್ಗೆ ಸೂರತ್ತಿನಿಂದ ಮಗಳು ಪ್ರತೀಕ್ಷಾ ಬರುವವಳಿದ್ದಳು. ಅಷ್ಟರೊಳಗೆ ಅದರ ಮೇಲಿನ ಗೀರುಗಳು ಕಣ್ಣಿಗೆ ಕಾಣದಂತಾಗಬೇಕಿತ್ತು. ಎಣ್ಣೆ ಕಂಪನಿಯಲ್ಲಿ ಜೀವಮಾನವೆಲ್ಲ ದೊಡ್ಡ ದೊಡ್ಡ ಯಂತ್ರ ರಿಪೇರಿ ಮಾಡಿದ ಮನುಷ್ಯನಿಗೆ ಇದೇನು ಮಹಾ ಕೆಲಸ ಎಂದು ತಮಗೆ ತಾವೇ ಧೈರ್ಯ ಹೇಳಿಕೊಂಡರು.

ಗೀರುಗಳು ನಾಲ್ಕು. ಕೈಯೂರುವ ಜಾಗದಿಂದ ಹಿಡಿಯವರೆಗೆ ಓರೆಯಾಗಿ ಎಳೆದಂತಿದ್ದವು. ಅವರ ಹೆಂಡತಿ ಇಂದಿರಮ್ಮನ ಉಗುರಿನ ಗೀರುಗಳು ಅವು.

ಕಳೆದ ಚಳಿಗಾಲದ ಒಂದು ಬೆಳಿಗ್ಗೆ ಎದೆ ಹಿಂಡುತ್ತದೆ ಎಂದ ಹೆಂಡತಿಯನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಐತಾಳರು ಚಾಂದ್‌ಖೇಡಾದ ಮನೆಯಿಂದ ಆಸ್ಪತ್ರೆಗೆ ಹೊರಟಿದ್ದರು. ದಾರಿಯಲ್ಲಿ ಮದುವೆಯ ದಿಬ್ಬಣವೊಂದು ರಸ್ತೆ ತುಂಬಿಕೊಂಡಿತ್ತು. ಮುಂದೆ ಕುದುರೆಯ ಮೇಲೆ ಮದುಮಗ, ಹಿಂದೆ ಬ್ಯಾಂಡು, ಅದರ ಹಿಂದೆ ಕುಣಿಯುವ ನೆಂಟರು. ಐತಾಳರು ಹಾರ್ನ್ ಒತ್ತಿದಷ್ಟೂ ಅವರು ಅದನ್ನೂ ಬ್ಯಾಂಡಿಗೆ ಸೇರಿಸಿಕೊಂಡು ಕುಣಿದರು. ನಿಂತ ಕಾರಿನಲ್ಲಿ ಇಂದಿರಮ್ಮ ಒಂದು ಕೈಯಲ್ಲಿ ಬಾಗಿಲು ಪರಚುತ್ತ, ಇನ್ನೊಂದು ಕೈಯಲ್ಲಿ ಮಗಳಿಗೆ ಫೋನ್ ಮಾಡಿದರು. ಮಗಳು ಆಫೀಸಿನ ಮೀಟಿಂಗಿನಲ್ಲಿದ್ದಳು, ಕಟ್ ಮಾಡಿದಳು. ದಿಬ್ಬಣ ದಾಟಿ ಹೋಗುವುದರೊಳಗೆ ಇಂದಿರಮ್ಮ ಹೋಗಿದ್ದರು.

ಹೆಣದ ಮುಂದೆ ಕೂತು ಮಗಳು ಕೇಳಿದ್ದು ಒಂದೇ ಪ್ರಶ್ನೆ, ಅಮ್ಮ ಯಾಕೆ ಫೋನ್ ಮಾಡಿದ್ದು ಅಂತ. ಐತಾಳರ ಬಾಯಿಗೆ ಸುಳ್ಳು ತಾನಾಗಿ ಬಂತು. "ಸುಮ್ನೆ ಮಾಡಿದ್ದು ಮಗಾ, ತಿಂಡಿ ಆಯ್ತಾ ಅಂತ ಕೇಳ್ಲಿಕ್ಕೆ. ಮನೆಯಿಂದ್ಲೇ ಮಾಡಿದ್ದು. ಕಾರಲ್ಲಿ ಕೂತವ್ಳೇ ಕಣ್ಣು ಮುಚ್ಚಿದ್ಳು. ನೋವು ಗೀವು ಎಂತದೂ ಇರ್ಲಿಲ್ಲ."

ಆ ಸುಳ್ಳನ್ನು ಹಿಡಿದುಕೊಂಡೇ ಮಗಳು ಮತ್ತೆ ಊಟಕ್ಕೆ ಕೂತಿದ್ದಳು, ಕೆಲಸಕ್ಕೆ ಹೋಗಿದ್ದಳು. ಈಗಲೂ ಫೋನಿನಲ್ಲಿ ಮಾತಿನ ಕೊನೆಗೆ, "ಅಮ್ಮಂಗೆ ದರ್ದ್ ಆಗಿಲ್ಲ ನಾ, ಅಪ್ಪ?" ಎಂದು ಕೇಳುತ್ತಿದ್ದಳು. ಇಲ್ಲ ಎಂದು ಇವರು ಹೇಳಿದ ಮೇಲೇ ಇಡುತ್ತಿದ್ದಳು. ಕಾರಿಗೆ ಐತಾಳರು ಟಾರ್ಪಾಲು ಹೊದಿಸಿ ಕ್ವಾರ್ಟರ್ಸಿನ ಮೂಲೆಯಲ್ಲಿ ನಿಲ್ಲಿಸಿಬಿಟ್ಟಿದ್ದರು. ಈಗ ಮಗಳಿಗೆ ಆ ಕಾರೇ ಬೇಕಂತೆ. ಅಮ್ಮ ನೆಮ್ಮದಿಯಾಗಿ ಹೋದ ಜಾಗ, ನನ್ನ ಹತ್ತಿರ ಇರಲಿ ಅಂದಿದ್ದಳು. ಬೇಡ ಅನ್ನಲು ಯಾವ ಕಾರಣ ಹುಡುಕುವುದು?

ಕೆಳಮನೆಯ ಅಮೃತ್‌ಭಾಯಿ ತಮ್ಮ ಸ್ಕೂಟರಿಗೆ ತಾವೇ ಬಣ್ಣ ಹೊಡೆದಿದ್ದವರು. ಮೊದಲು ಜಿಡ್ಡು ಪೂರ್ತಿ ತೆಗೆಯಬೇಕು, ಇಲ್ಲದಿದ್ದರೆ ಬಣ್ಣ ಹಿಡಿಯುವುದಿಲ್ಲ ಎಂದು ಎಚ್ಚರಿಸಿದ್ದರು. ಐತಾಳರು ಸೋಪು ನೀರಿನಲ್ಲಿ ತೊಳೆದು, ಉಪ್ಪುಕಾಗದದಿಂದ ಉಜ್ಜಿ, ಗೀರಿಗೆ ಪುಟ್ಟಿ ತುಂಬಿ, ಮತ್ತೆ ಉಜ್ಜಿ, ಡಬ್ಬಿ ಅಲುಗಾಡಿಸಿ ಕಪ್ಪು ಬಣ್ಣ ಸಿಂಪಡಿಸಿದರು. ಒಂದು ಗಳಿಗೆ ಎಲ್ಲ ಮುಚ್ಚಿಹೋಯಿತು. ಆಮೇಲೆ ಬಣ್ಣ ಅಲ್ಲಲ್ಲಿ ಬಿಟ್ಟುಕೊಂಡು, ಮೀನಿನ ಕಣ್ಣಿನಂಥ ಗುಂಡು ಗುಂಡು ಕಲೆಗಳೆದ್ದವು.

ಆಗ ನೆನಪಾಯಿತು. ನವರಾತ್ರಿಯಲ್ಲಿ ಕಾಲನಿಯವರೆಲ್ಲ ಗರ್ಬಾಕ್ಕೆ ತಯಾರಾಗುತ್ತಿದ್ದರೆ ಇಂದಿರಮ್ಮ ಆಯುಧಪೂಜೆಗೆ ಕಾರು ತಯಾರು ಮಾಡುತ್ತಿದ್ದರು. ಊರಿನಿಂದ ತಂದ ತೆಂಗಿನೆಣ್ಣೆಯಲ್ಲಿ ಬಟ್ಟೆ ಅದ್ದಿ, ಕಪ್ಪು ಪ್ಲಾಸ್ಟಿಕ್ಕನ್ನೆಲ್ಲ ಮಿರಮಿರ ಮಿಂಚುವ ಹಾಗೆ ಒರೆಸುತ್ತಿದ್ದರು. ಧೂಳು ಕೂರುತ್ತದೆ ಮಾರಾಯ್ತಿ ಎಂದು ಐತಾಳರು ಗೊಣಗಿದರೆ, ಮಗುವಿನ ತಲೆಗೆ ಹಚ್ಚಿದ ಹಾಗೆ ಇನ್ನೊಂದು ಕೈ ಹಚ್ಚುತ್ತಿದ್ದರು. ವರ್ಷವರ್ಷದ ಎಣ್ಣೆ ಪ್ಲಾಸ್ಟಿಕ್ಕಿನ ಸಣ್ಣ ಸಣ್ಣ ಗುಳಿಗಳಲ್ಲಿ ಕೂತಿತ್ತು. ಇವರು ಉಜ್ಜಿದ್ದರಿಂದ ಗೀರುಗಳಿಗೂ ಇಳಿದಿತ್ತು. ಐತಾಳರಿಗೆ ಹೆಂಡತಿಯ ಮೇಲೆ ಸಿಟ್ಟು ಬಂತು. ಸಿಟ್ಟು ಬಂದಿದ್ದಕ್ಕೆ ಅಳು ಬಂತು.

ಮತ್ತೆ ಸ್ಪಿರಿಟ್ಟಿನಲ್ಲಿ ಒರೆಸಿದರು, ಮತ್ತೆ ಹೊಡೆದರು. ಸಂಜೆಯ ಹೊತ್ತಿಗೆ ನೋಡಲು ಚೆನ್ನಾಗಿಯೇ ಕಂಡಿತು. ನಾಲ್ಕು ದಿನ ಒಣಗಲು ಬಿಡಬೇಕು ಎಂದು ಅಮೃತ್‌ಭಾಯಿ ಹೇಳಿದ್ದರು. ನಾಲ್ಕು ದಿನ ಎಲ್ಲಿಂದ ತರುವುದು? ಹಲಗೆಯನ್ನು ಬಾಗಿಲಿಗೆ ಕೂರಿಸಿ, ದೇವರಿಗೆ ಕೈಮುಗಿದು ಮಲಗಿದರು.

ಬೆಳಿಗ್ಗೆ ಪ್ರತೀಕ್ಷಾ ಬಂದವಳೇ ಬ್ಯಾಗನ್ನು ಮೆಟ್ಟಿಲ ಮೇಲಿಟ್ಟು ಕಾರಿನ ಹತ್ತಿರ ಹೋದಳು. "ಅಪ್ಪ, ಒಂದು ರೌಂಡ್ ಹೋಗೋಣ. ನೀವೇ ಚಲಾಯಿಸಿ. ನಾನು ಅಮ್ಮನ ಸೀಟಲ್ಲಿ ಕೂತ್ಕೊಳ್ತೀನಿ," ಅಂದಳು.

ಐತಾಳರು ಇಂಜಿನ್ ಶುರು ಮಾಡಿದರು. ಮಗಳು ಬಾಗಿಲೆಳೆದುಕೊಂಡು, ಕಣ್ಣು ಮುಚ್ಚಿ, ಎಡಗೈಯನ್ನು ಅಲ್ಲಿಯೇ ಊರಿದಳು. ಕೈ ಅಂಟಿತು. ಎತ್ತಿದಾಗ ಬೆರಳಿಗೆ ಬಣ್ಣದ ಸಿಪ್ಪೆ ಮೆತ್ತಿಕೊಂಡಿತ್ತು.

"ಪೇಂಟ್ ಮಾಡಿದ್ರಾ? ಕ್ಯೋಂ?"

"ಹಳೆದಾಗಿತ್ತಲ್ವಾ ಮಗಾ. ಮುಟ್ಬೇಡ, ಇನ್ನೂ ಹಸಿ ಉಂಟು."

ಅವಳು ಆಗಲೇ ಸಿಪ್ಪೆಯ ತುದಿ ಹಿಡಿದು ಎಳೆದಿದ್ದಳು. ಹಾಲಿನ ಕೆನೆಯ ಹಾಗೆ ಬಣ್ಣ ಎದ್ದು ಬಂತು, ಅದರ ಜೊತೆಗೆ ಪುಟ್ಟಿಯೂ ಬಂತು. ಒಂದು ಗೀರು, ಅದರ ಪಕ್ಕದಲ್ಲಿ ಇನ್ನೊಂದು. ನಾಲ್ಕೂ ತೆರೆದುಕೊಂಡ ಮೇಲೆ ಅವಳು ತನ್ನ ಬೆರಳುಗಳನ್ನು ಮೆಲ್ಲಗೆ ಅವುಗಳ ಮೇಲಿಟ್ಟಳು. ಸರಿಯಾಗಿ ಕೂತವು. ಅವಳ ಕೈಯೂ ತಾಯಿಯ ಕೈಯ ಅಳತೆಯದೇ.

ಐತಾಳರು ನಾಯಿ ಪರಚಿದ್ದು, ಪೆಟ್ಟಿಗೆ ಉಜ್ಜಿದ್ದು, ಮೆಕ್ಯಾನಿಕ್ ಗೀರಿದ್ದು ಎಂದು ಹೇಳಲು ಏನೇನೋ ಯೋಚಿಸಿಟ್ಟುಕೊಂಡಿದ್ದರು. ಮಗಳ ಬೆರಳುಗಳನ್ನು ನೋಡಿ ಅವನ್ನೆಲ್ಲ ಬಿಟ್ಟರು.

"ಇದು ಲೆಫ್ಟ್ ಹ್ಯಾಂಡ್," ಅಂದಳು ಪ್ರತೀಕ್ಷಾ. "ಬಲಗೈಯಲ್ಲಿ ಫೋನ್ ಇತ್ತಾ, ಅಪ್ಪ?"

ಅವರು ಇಂಜಿನ್ ಆರಿಸಿದರು. "ಇತ್ತು."

"ನಾನು ಕಟ್ ಮಾಡಿದ ಮೇಲೆ ಅಮ್ಮ ಏನು ಹೇಳಿದ್ರು?"

ಐತಾಳರು ಸ್ಟೇರಿಂಗಿನ ಮೇಲೆ ತಲೆಯಿಟ್ಟರು. ಇನ್ನು ಮುಚ್ಚಲು ಅವರಲ್ಲಿ ಏನೂ ಉಳಿದಿರಲಿಲ್ಲ.

"ಪಾಪ, ಕೆಲಸದಲ್ಲಿರ್ಬೇಕು, ಆಮೇಲೆ ಮಾಡ್ತಾಳೆ ಅಂದ್ಳು."