ತೊಳೆದ ಸ್ಪಂಜು

೨೦೨೩ರ ಮಾರ್ಚ್ ೧೬, ಬೆಳಿಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷ. ಅಕ್ಕನ ಮೀನಿನ ತೊಟ್ಟಿಯಲ್ಲಿ ಮೂರನೆಯ ಮೀನು ಸತ್ತು ತೇಲುತ್ತಿತ್ತು. ಮನೆಮಂದಿಯೆಲ್ಲ ‘ಯಜಮಾನ್ತಿ’ ಎಂದು ಕರೆಯುವ ಒಂಬತ್ತು ವರ್ಷದ ಗೋಲ್ಡ್‌ಫಿಶ್ ಮೇಲಕ್ಕೆ ಬಂದು ಬಾಯಿ ಬಾಯಿ ಬಿಡುತ್ತಿತ್ತು.

ನೆಲದ ಟೈಲ್ಸ್ ಬದಲಿಸಲೆಂದು ಮುನ್ನೂರು ಲೀಟರಿನ ಆ ತೊಟ್ಟಿಯನ್ನು ಹಜಾರದಿಂದ ಮಲಗುವ ಕೋಣೆಗೆ ಸಾಗಿಸಿದ್ದು ನಾಲ್ಕು ದಿನದ ಹಿಂದೆ. ನರ್ಸಾಗಿದ್ದ ಅಕ್ಕ ಡ್ಯೂಟಿಯಲ್ಲಿದ್ದಳು; ಕೆಲಸ ವಹಿಸಿಕೊಂಡವನು ತಮ್ಮ, ಕಾಲೇಜಿನ ಪ್ರಯೋಗಾಲಯದ ಸಹಾಯಕ. ಹಳೆಯ ನೀರನ್ನು ಡ್ರಮ್ಮುಗಳಿಗೆ ತುಂಬಿ ಉಳಿಸಿದ, ಮೀನುಗಳಿಗೆ ಗಾಳಿಯ ಪಂಪು ಹಚ್ಚಿದ, ಖಾಲಿ ತೊಟ್ಟಿಯನ್ನು ಟೈಲ್ಸ್ ಮೇಸ್ತ್ರಿಯ ಜೊತೆ ಎತ್ತಿಟ್ಟು, ಓರೆಯಾಗಿಲ್ಲವೆಂದು ರಸಮಟ್ಟ ಹಿಡಿದು ನೋಡಿದ. ಎಲ್ಲವೂ ಅಚ್ಚುಕಟ್ಟು. ಆಮೇಲೆ ಫಿಲ್ಟರಿನ ಸ್ಪಂಜು ಕಣ್ಣಿಗೆ ಬಿತ್ತು, ಕಂದು ಲೋಳೆ ಮೆತ್ತಿಕೊಂಡು. ಅದನ್ನು ತೊಳೆಯಬೇಡ, ಹಳೇ ನೀರಲ್ಲೇ ಮುಳುಗಿಸಿಡು ಎಂದು ಅಕ್ಕ ಎರಡೆರಡು ಸಲ ಹೇಳಿದ್ದಳು. ಗಾಜಿನ ನಳಿಗೆ ತೊಳೆದು ಪಳಗಿದ ಕೈ ಸುಮ್ಮನಿರಲಿಲ್ಲ. ಕ್ಲೋರಿನ್ ಬೆರೆತ ನಲ್ಲಿಯ ನೀರಿಗೆ ಹಿಡಿದು, ತಿಳಿನೀರು ಬರುವವರೆಗೂ ಹಿಂಡಿದ. ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯಾ ವಿಷವನ್ನು ಅರಗಿಸುವ ಸೂಕ್ಷ್ಮಜೀವಿಗಳು ಇದ್ದದ್ದೇ ಆ ಲೋಳೆಯಲ್ಲಿ. ಮೊದಲ ಮೀನು ಸತ್ತ ದಿನವೇ ಅವನಿಗೆ ಅದು ಹೊಳೆದಿತ್ತು. ಹೇಳಲಿಲ್ಲ.

ಈಗ ಅಕ್ಕ ಮೇಸ್ತ್ರಿಯನ್ನು ನಿಲ್ಲಿಸಿಕೊಂಡು, ಟೈಲ್ಸ್ ಕೊಯ್ದ ಧೂಳೇ ನೀರಿಗೆ ಬಿದ್ದಿದೆ ಎನ್ನುತ್ತಿದ್ದಳು. ಕೋಣೆಯ ಬಾಗಿಲಿಗೆ ಎರಡು ಪದರ ಪ್ಲಾಸ್ಟಿಕ್ ಕಟ್ಟಿದ್ದೆನೆಂದು ಮೇಸ್ತ್ರಿ ಹೇಳಿದ್ದು ಅವಳ ಕಿವಿಗೆ ಹೋಗಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಜ್ವರದ ಎತ್ತಾದ ತಮ್ಮ ಗೋಡೆ ನೋಡುತ್ತ ನಿಂತಿದ್ದ.

“ನನ್ನ ಧೂಳೇ ಇರ್ಬೇಕು ಬಿಡಮ್ಮ,” ಎಂದ ಮೇಸ್ತ್ರಿ ಕೊನೆಗೆ. “ಕೆಲಸಕ್ಕೆ ಬೇರೆಯವ್ರನ್ನ ನೋಡ್ಕೊಳ್ಳಿ. ಇನ್ನೊಂದು ಜೀವ ಹೋದ್ರೆ ನನಗೆ ತಡ್ಕೊಳ್ಳೋಕಾಗಲ್ಲ.”

ತಮ್ಮ ಗೋಡೆಯಿಂದ ಇತ್ತ ತಿರುಗಿದ. “ಅಕ್ಕ, ಧೂಳಲ್ಲ. ಸ್ಪಂಜು ತೊಳೆದುಬಿಟ್ಟೆ. ನಲ್ಲಿ ನೀರಲ್ಲಿ.”

“ಯಾವತ್ತು?”

“ಅವತ್ತೇ.”

“ಮೂರು ಹೆಣ ಎತ್ತೋವರೆಗೂ ಬಾಯಿಗೆ ಬೀಗ ಹಾಕ್ಕೊಂಡಿದ್ಯಾ?”

ಅಕ್ಕ ಮೇಸ್ತ್ರಿಯತ್ತ ತಿರುಗಿ, ತಪ್ಪಾಯಿತು, ಕೆಲಸ ಬಿಡಬೇಡಿ ಎಂದಳು. ಮೇಸ್ತ್ರಿ ತಮ್ಮನನ್ನು ನೋಡಿದ. “ನಮ್ಮಲ್ಲೂ ಅಷ್ಟೇ ಸಾರ್. ಅತಿಯಾಗಿ ಉಜ್ಜಿದ್ರೆ ಪಾಲಿಶ್ಶೇ ಹೋಗುತ್ತೆ.” ಆ ತಮಾಷೆಗೆ ಯಾರೂ ನಗಲಿಲ್ಲ.

ಎಷ್ಟು ನೀರು ಬದಲಿಸಬೇಕೆಂದು ತಿಳಿಯಬೇಕಿತ್ತು. ಅಕ್ಕ ತೊಟ್ಟಿಯ ನೀರು ತುಂಬಿದ ಪರೀಕ್ಷೆಯ ನಳಿಗೆಯನ್ನು ಅವನ ಕೈಗಿತ್ತು, ನೀನೇ ಬಣ್ಣ ನೋಡಿ ಅಳತೆಯನ್ನು ಗಟ್ಟಿಯಾಗಿ ಓದು ಎಂದಳು. ಅವನು ಪರೀಕ್ಷಾ ದ್ರಾವಣದ ಹನಿಗಳನ್ನು ಎಣಿಸಿ ಹಾಕಿದ. ಐದು ನಿಮಿಷ ಕಾದ. ಹಳದಿಯಾಗಿಯೇ ಉಳಿಯಬೇಕಿದ್ದ ನೀರು ಕಡುಹಸಿರಾಯಿತು. ಸೊನ್ನೆ ಇರಬೇಕಾದ ಅಮೋನಿಯಾ, ಲೀಟರಿಗೆ ನಾಲ್ಕು ಮಿಲಿಗ್ರಾಂ. ಅವನು ಅದನ್ನು ಗಟ್ಟಿಯಾಗಿ ಓದಿ, ಅರ್ಧ ತೊಟ್ಟಿ ನೀರು ಬದಲಿಸಬೇಕು ಎಂದ.