ಹನ್ನೆರಡರ ಸೈರನ್

1987ರ ಆಗಸ್ಟ್ 9, ಭಾನುವಾರ, ಮಧ್ಯಾಹ್ನ ಸರಿಯಾಗಿ ಹನ್ನೆರಡು ಗಂಟೆ. ಹೊಳೆಯ ದಂಡೆಯಲ್ಲಿ ಸೈರನ್ ಕೂಗಿತು. ಅಣೆಕಟ್ಟಿನ ಗಸ್ತಿನವಳಾದ ಸುಮಿಯೆ ಸೇತುವೆಯ ಮೇಲೆ ಗಾಡಿ ನಿಲ್ಲಿಸಿ ಕೆಳಗೆ ನೋಡಿದಳು.

ನಡುಹೊಳೆಯ ಬಂಡೆಯ ಮೇಲೆ ಅವಳ ಮಾವ ಜಿನ್‌ಪಾಚಿ ಕೂತು ಅನ್ನದುಂಡೆಯ ಪೊಟ್ಟಣ ಬಿಚ್ಚುತ್ತಿದ್ದರು.

ಇಲ್ಲಿ ಸುಡುಬಿಸಿಲು. ಮೇಲಿನ ಬೆಟ್ಟಗಳಲ್ಲಿ ಮಳೆ ಸುರಿದು ಅಣೆಕಟ್ಟು ತುಂಬಿತ್ತು. ಅರ್ಧ ಗಂಟೆ ಹಿಂದೆ ಅವಳೇ ಇಲ್ಲಿ ನಿಂತು, ನಿಯಮದಂತೆ ಹೊಳೆಯತ್ತ ಬೆರಳು ಚಾಚಿ, “ಯಾರೂ ಇಲ್ಲ” ಎಂದು ಗಟ್ಟಿಯಾಗಿ ಹೇಳಿ, ರೇಡಿಯೋದಲ್ಲಿ ತಿಳಿಸಿದ್ದಳು. ಅವಳ ಮಾತು ನಂಬಿ ಗೇಟು ತೆರೆದಿದ್ದರು. ಈಗ ಕೂಗಿದ್ದು ನೀರು ಬರುತ್ತಿದೆಯೆಂಬ ಎಚ್ಚರಿಕೆ. ಆದರೆ ಊರಿನ ಕಚೇರಿಯೂ ದಿನಾ ಹನ್ನೆರಡಕ್ಕೆ ಊಟದ ಸೈರನ್ ಕೂಗಿಸುತ್ತದೆ. ಆ ಕೂಗಿಗೇ ಬುತ್ತಿ ಬಿಚ್ಚಿ ರೂಢಿಯಾದ ಮುದುಕ ಇವತ್ತೂ ಬಿಚ್ಚಿದ್ದರು.

“ಇಗರಾಶಿಯವರೇ, ಗೇಟು ಮುಚ್ಚಿ,” ಸುಮಿಯೆ ರೇಡಿಯೋದಲ್ಲಿ ಕೂಗಿದಳು. “ ಬಂಡೆ ಮೇಲೆ ನಮ್ಮ ಮಾವ ಇದ್ದಾರೆ.”

“ಮುಚ್ತೀನಿ. ಆದ್ರೆ ಬಿಟ್ಟ ನೀರನ್ನ ವಾಪಸ್ ಕರೆಯೋಕಾಗಲ್ಲಮ್ಮ,” ನಿಯಂತ್ರಣ ಕೋಣೆಯ ಇಗರಾಶಿ ಉತ್ತರಿಸಿದರು. “ಇನ್ನೇನು ಬಂದೇಬಿಡ್ತು.”

ಸೇತುವೆಯ ಕಂಬದ ಅಳತೆಪಟ್ಟಿಯಲ್ಲಿ ನೀರು ಒಂದು ಮೀಟರ್ ನಲವತ್ತು ಮುಟ್ಟಿದರೆ ಬಂಡೆ ಮುಳುಗುತ್ತದೆ. ಸುಮಿಯೆ ದಡಕ್ಕೆ ಓಡಿದಳು.

“ಮಾವಾ, ಬನ್ನಿ ಈಚೆ!”

“ಹಸಿವಾಯ್ತಾ? ನಿನ್ನ ಪಾಲು ಇಟ್ಟಿಲ್ಲ ಕಣೇ.”

ಅಷ್ಟರಲ್ಲಿ ಸೈರನ್ ಮತ್ತೆ ಕೂಗಿತು. ಊಟದ ಸೈರನ್ ಎರಡು ಸಲ ಕೂಗುವುದಿಲ್ಲ. ಬಾಯಿಗೊಯ್ದ ಕೈ ಅಲ್ಲೇ ನಿಂತಿತು. ಬಂಡೆಯ ಸುತ್ತ ನೀರು ಆಗಲೇ ಕೆಂಪಗಾಗಿ, ಎಲೆ ಕಡ್ಡಿ ಹೊತ್ತು ಸುತ್ತುತ್ತಿತ್ತು. ಮುದುಕ ಎದ್ದರು, ಎದ್ದವರು ಮೀನಿನ ಡಬ್ಬಿಗೆ ಬಗ್ಗಿದರು.

“ಡಬ್ಬಿ ಬಿಡಿ.”

“ಬೆಳಗಿಂದ ಹಿಡಿದಿದ್ದೆಲ್ಲ ಇದರಲ್ಲೇ ಇದೆ.”

“ನಿಮ್ಮ ಮಗನಿಗೆ ನಾನೇನು ಹೇಳ್ಲಿ ಮಾವ?”

ಡಬ್ಬಿ ಬಿಟ್ಟರು. ಗಾಳದ ಕೋಲಿನ ತುಂಡುಗಳನ್ನು ಒಂದರೊಳಗೊಂದು ಸೇರಿಸಿ ಗಿಡ್ಡ ಮಾಡಿ, ಊರಿಕೊಂಡು ಇಳಿದರು. ಸೊಂಟದವರೆಗೆ ನೀರು. ಒಮ್ಮೆ ಕಾಲು ಜಾರಿ ಮುಖ ಮರೆಯಾಯಿತು. ಸುಮಿಯೆ ತೊಡೆಮಟ್ಟ ನೀರಿಗಿಳಿದು, ಅವರು ಚಾಚಿದ ಕೋಲನ್ನು ಹಿಡಿದು ಎಳೆದಳು.

ಇಬ್ಬರೂ ದಡದ ಕಲ್ಲುಗಳ ಮೇಲೆ ಕುಸಿದರು.

“ಯಾರೂ ಇಲ್ಲ ಅಂದುಬಿಟ್ಟಿದ್ದೆ,” ಅಂದಳು.

“ಆಗ ಪೊದೆ ಹಿಂದೆ ಗಾಳ ಕಟ್ತಾ ಕೂತಿದ್ದೆ ಕಣಮ್ಮ,” ಅಂದರು.

ತಿರುಗಿ ನೋಡಿದರೆ ಬಂಡೆ ಇರಲಿಲ್ಲ. ಸುಮಿಯೆ ಬೆರಳನ್ನು ಅಳತೆಪಟ್ಟಿಯತ್ತ ಚಾಚಿದಳು. ನಿಯಮದಂತೆ ಗಟ್ಟಿಯಾಗಿ ಓದಿದಳು:

“ಒಂದು ಮೀಟರ್ ನಲವತ್ತಮೂರು ಸೆಂಟಿಮೀಟರ್.”